ದಾರ ಎಳೆಸಿಕೊಂಡ ಮುಖ

ಕಿವುಡರಿಗೆ ಸನ್ನೆ ಭಾಷೆಯಲ್ಲಿ ಮಾತು ತಲುಪಿಸುವ ದುಭಾಷಿ ಆಕೆ. ಟೀವಿ ವಾರ್ತೆಯ ಮೂಲೆಯ ಚೌಕದಲ್ಲಿ ವರ್ಷಗಟ್ಟಲೆ ನಿಂತವಳು. ಒಂದು ದಿನ ನಾದಿನಿ, "ಅತ್ತಿಗೆ, ಟೀವೀಲಿ ಯಾವಾಗ್ಲೂ ಅತ್ತು ಬಂದವರ ಹಾಗೆ ಕಾಣ್ತೀರಲ್ಲ" ಅಂದಳು. ಆ ಮಾತು ತಲೆಗೆ ಹುಳ ಬಿಟ್ಟಿತು. ಕನ್ನಡಿ ಕಂಡಲ್ಲೆಲ್ಲ ನಿಂತು ಕೆನ್ನೆಯನ್ನು ಮೇಲಕ್ಕೆ ತಳ್ಳಿ ನೋಡುವುದೇ ಕೆಲಸವಾಯಿತು. ಕೊನೆಗೆ ರಜೆ ಹಾಕಿ ಚರ್ಮದ ಡಾಕ್ಟರಮ್ಮನ ಬಳಿ ಹೋದಳು.

ಕೊಯ್ಯುವ ಗೋಜಿರಲಿಲ್ಲ. ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ಕೆನ್ನೆಯೊಳಗೂ ಹುಬ್ಬಿನ ಮೇಲೂ ಸೂಜಿಯಿಂದ ದಾರ ತೂರಿಸಿ, ಮೇಲಕ್ಕೆಳೆದು ತುದಿ ಕತ್ತರಿಸಿದರು. ದಾರದ ಸಣ್ಣ ಮುಳ್ಳುಗಳು ಒಳಗೆ ಕಚ್ಚಿ ಹಿಡಿಯುತ್ತವಂತೆ, ತಿಂಗಳುಗಳು ಕಳೆದಂತೆ ದಾರವೂ ಕರಗುತ್ತದಂತೆ.

"ಒಳಗೆಲ್ಲ ಕೂಡಿಕೊಳ್ಳೋವರೆಗೆ ಜೋರಾಗಿ ನಗಬೇಡಿ, ಹುಬ್ಬು ಕುಣಿಸಬೇಡಿ," ಎಂದರು ಡಾಕ್ಟರಮ್ಮ.

ಮನೆಯಲ್ಲಿ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಆಕಳಿಕೆ ಬಂದರೂ ಭಯ. "ಮದುವೆಯಾದ ಮೇಲೆ ಇದೇ ಮೊದಲು ನೋಡು, ನನ್ನ ನೋಡಿ ನೀನು ಹುಬ್ಬು ಗಂಟಿಕ್ಕದೆ ಇರೋದು," ಎಂದು ಗಂಡ ಚುಡಾಯಿಸಿದರೆ ನಗುವ ಹಾಗೂ ಇಲ್ಲ, ಬೈಯುವ ಹಾಗೂ ಇಲ್ಲ.

ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನ್ ಬಂತು. ಕಿವುಡ ಬಡಗಿಯೊಬ್ಬರ ಬೆರಳುಗಳು ಗರಗಸಕ್ಕೆ ಸಿಕ್ಕಿದ್ದವು. ಬೇರೆ ದುಭಾಷಿ ಸಿಗಲಿಲ್ಲ. ಹೋದಳು.

"ಬೆರಳು ಉಳಿಸೋಕೆ ನೋಡ್ತೀವಿ. ಆಗದಿದ್ರೆ ತೆಗೀಬೇಕಾಗುತ್ತೆ. ಒಪ್ಪಿಗೆನಾ ಕೇಳಿ," ಎಂದರು ಸರ್ಜನ್.

ಅವಳ ಕೈಗಳು ಹೇಳಿದವು. ಮುಖ ಮಾತ್ರ ಗೋಡೆಯ ಹಾಗಿತ್ತು. ಸನ್ನೆ ಭಾಷೆಯಲ್ಲಿ ಪ್ರಶ್ನೆ ಇರುವುದು ಹುಬ್ಬಿನಲ್ಲಿ, 'ಆಗದಿದ್ದರೆ' ಎಂಬುದೂ ಅಲ್ಲೇ. ಬಡಗಿಗೆ ತಿಳಿದದ್ದು ಇಷ್ಟೇ: ಬೆರಳು ತೆಗೆಯುತ್ತಾರೆ. ಬ್ಯಾಂಡೇಜಿನ ಕೈಯನ್ನು ಎದೆಗೊತ್ತಿಕೊಂಡು ಮಂಚದಿಂದ ಇಳಿದೇಬಿಟ್ಟರು. ಅವರಿಗೆ ಬೆರಳೆಂದರೆ ದುಡಿಮೆಯಷ್ಟೇ ಅಲ್ಲ, ನಾಲಿಗೆಯೂ ಹೌದು. ಇನ್ನೊಂದು ಕೈಯಲ್ಲೇ ಅವಳನ್ನು ಕೇಳಿದರು: "ನನ್ನ ಮೇಲೆ ಯಾಕೆ ಸಿಟ್ಟು?"

ಅವಳು ಒಂದು ಕ್ಷಣ ತಡೆದಳು. ಆಮೇಲೆ ಹುಬ್ಬು ಎತ್ತಿದಳು, ಕೆನ್ನೆ ಉಬ್ಬಿಸಿದಳು, ಇಡೀ ಮುಖದಿಂದ ಮತ್ತೆ ಕೇಳಿದಳು. ಎಡಹುಬ್ಬಿನ ಮೇಲೆ, ಚರ್ಮದೊಳಗೆ ಏನೋ ಚಟ್ಟೆಂದಿತು, ಕಣ್ಣಲ್ಲಿ ನೀರು ಬಂತು. ಆದರೂ ನಿಲ್ಲಿಸಲಿಲ್ಲ.

ಬಡಗಿ ಮಂಚದ ಅಂಚಿನಲ್ಲಿ ಕೂತರು. "ಮೊದಲು ಉಳಿಸೋಕೆ ನೋಡ್ತಾರಾ?"

"ಮೊದಲು ಅದನ್ನೇ."

ಅವರು ಒಪ್ಪಿ ತಲೆಯಾಡಿಸಿದರು. ಕಿರುಬೆರಳಿನ ತುದಿ ಹೋಯಿತು, ಉಳಿದವು ಉಳಿದವು.

ಅವಳ ಎಡಹುಬ್ಬು ಮಾತ್ರ ಕೆಳಗಿಳಿದು, ಮುಖ ಸೊಟ್ಟಗಾಯಿತು. "ದಾರ ಬಿಟ್ಟಿದೆ. ಮತ್ತೆ ಹಾಕೋಣ್ವಾ?" ಎಂದರು ಡಾಕ್ಟರಮ್ಮ.

"ಬೇಡ. ಬಲಗಡೇದೂ ತೆಗೆದುಬಿಡಿ."

"ಅದನ್ನ ಕೀಳೋಕೆ ಹೋದ್ರೆ ಇನ್ನೂ ಕೆಡುತ್ತೆ. ಕರಗೋವರೆಗೆ ಕಾಯ್ಬೇಕು."

ಸೊಟ್ಟ ಮುಖದಲ್ಲೇ ಕೆಲಸಕ್ಕೆ ಮರಳಿದಳು. ವಾರ್ತೆಯೆಲ್ಲ ಅರ್ಧ ಪ್ರಶ್ನೆಯ ಹಾಗೆ ಕಾಣುತ್ತದೆಂದು ಕಿವುಡ ಗೆಳತಿಯರು ನಕ್ಕರು, ಅವಳೂ ಬಾಯ್ತುಂಬ ನಕ್ಕಳು. ಅದಲ್ಲ ಅವಳನ್ನು ಕೊರೆಯುತ್ತಿದ್ದದ್ದು. ಆ ಮನುಷ್ಯ ಹೆದರಿ ನಿಂತಿದ್ದಾಗ ತಾನು ತಡೆದ ಆ ಒಂದು ಕ್ಷಣ. ಆಗ ಅವಳಿಗೆ ಮೊದಲು ನೆನಪಾದದ್ದು ತನ್ನ ಕೆನ್ನೆ.