ಕರಿಬಸಪ್ಪನವರ ಬಸವ

ಪೆಟ್ರೋಲ್ ಬೆಲೆ ಗಗನಕ್ಕೇರಿದ ಎಪ್ಪತ್ತನಾಲ್ಕರಲ್ಲಿ ಊರೆಲ್ಲ ಸೈಕಲ್ ಹತ್ತಿದರೆ, ವಿಜಯನಗರ ಬಡಾವಣೆಯ ಕರಿಬಸಪ್ಪನವರು ಮಿಲಿಟರಿ ಹರಾಜಿನಲ್ಲಿ ಒಂದು ಮುದಿ ಮೋಟಾರ್ ಸೈಕಲ್ ತಂದು, ಅದಕ್ಕೆ ಬಸವ ಎಂದು ಹೆಸರಿಟ್ಟರು. ಆಫೀಸಿನಲ್ಲಿ ಫೈಲು ಎತ್ತಲೂ ಮೈ ಬಗ್ಗದ ಮಹಾಶಯರು ಅಂಗಳದಲ್ಲಿ ಮೊಣಕಾಲೂರಿ ಅದನ್ನು ಬಿಚ್ಚಿ ಜೋಡಿಸುವ ಚೆಂದ ನೋಡಬೇಕಿತ್ತು! ಹೆಂಡತಿ ನೀಲಮ್ಮನ ಪಾತ್ರೆಗಳೆಲ್ಲ ಗ್ರೀಸಿನ ಪಾಲಾದವು.

ಬಸವ ಓಡಿತು, ಇಲ್ಲವೆನ್ನುವುದಿಲ್ಲ. ಆದರೆ ಎರಡು ಮೂರು ಮೈಲಿಗೆ ಗಕ್ಕನೆ ನಿಂತುಬಿಡುತ್ತಿತ್ತು. ಕರಿಬಸಪ್ಪನವರು ಬಿಡಿಭಾಗದ ಅಂಗಡಿಗಳ ಜೆ.ಸಿ. ರಸ್ತೆಯಿಂದ ಹೊಸ ಪೆಟ್ರೋಲ್ ಪೈಪು ತಂದು ಹಾಕಿ, ಟ್ಯಾಂಕಿನ ಮುಚ್ಚಳ ತೆಗೆದು ಇಣುಕಿ ನೋಡಿ, ಕಿಕ್ ಹೊಡೆದರೆ ಹೊರಡುತ್ತಿತ್ತು. ಪೈಪೇ ಕೆಟ್ಟಿದ್ದು ಎಂದು ಬೀಗುವರು. ಮಾರನೇ ದಿನ ಮತ್ತೆ ಅದೇ ಪಾಡು. ಪೈಪಾದ ಮೇಲೆ ಟ್ಯಾಪು, ಟ್ಯಾಪಾದ ಮೇಲೆ ಕಾರ್ಬುರೇಟರು. ಬದಲಾಗದೆ ಉಳಿದದ್ದು ಟ್ಯಾಂಕಿನ ಮುಚ್ಚಳ ಒಂದೇ. ಅದಕ್ಕೆ ಅವರು ದಿನಾ ಪೂಜೆ ಮುಗಿಸಿ, ಒದ್ದೆ ವಿಭೂತಿಯಿಂದ ಮೂರು ಪಟ್ಟೆ ಬಳಿಯುತ್ತಿದ್ದರು. ತಮ್ಮ ಹಣೆಗಿಂತ ದಪ್ಪವಾಗಿ.

ನೀಲಮ್ಮನಿಗೆ ಬೇಕಾಗಿದ್ದದ್ದು ಒಂದೇ. ಕೆಂಗೇರಿಯ ತವರಲ್ಲಿ ತಂಗಿಯ ಮದುವೆ. ಮುಹೂರ್ತದಲ್ಲಿ ಅಕ್ಕನಾಗಿ ಕಳಸ ಹಿಡಿದು ಅವಳ ಪಕ್ಕ ನಿಲ್ಲಬೇಕು. ಹಿಂದಿನ ದಿನವೇ ಹೋಗುತ್ತೇನೆಂದರೆ ಗಂಡ ಬಿಡಲಿಲ್ಲ. ಜೋಡಿಯಾಗಿ ಬಸವನ ಮೇಲೆ ಬಂದಿಳಿದು ಬೀಗರೆದುರು ಮೆರೆಯಬೇಕಲ್ಲ!

ನಾಯಂಡಹಳ್ಳಿ ದಾಟಿದ್ದೇ ತಡ, ಬಸವ ನಿಂತಿತು. ಕರಿಬಸಪ್ಪನವರು ರೇಷ್ಮೆ ಪಂಚೆ ಎತ್ತಿ ಕಟ್ಟಿ ಮುಚ್ಚಳ ತಿರುಗಿಸಿದರು. ಟ್ಯಾಂಕು ಸುಯ್ ಎಂದು ಗಾಳಿ ಎಳೆದುಕೊಂಡದ್ದು ನೀಲಮ್ಮನ ಕಿವಿಗೆ ಬಿತ್ತು. ಮುಚ್ಚಳ ಇಸಿದುಕೊಂಡು ನೋಡಿದಳು. ಒಳಮೈಯಲ್ಲಿ ಸಣ್ಣ ತೂತು. ಹೊರಗಡೆ ಅದರ ಬಾಯಿಗೆ ವಿಭೂತಿ ಮೆತ್ತಿ ಗಾರೆಯಾಗಿದೆ.

"ರೀ, ಇದನ್ನ ಒರೆಸ್ಬಿಡಿ. ಒಳಗೆ ಗಾಳಿ ಹೋಗೋಕೇ ದಾರಿ ಇಲ್ಲ. ಸೀಮೆಎಣ್ಣೆ ಡಬ್ಬಕ್ಕೆ ಒಂದೇ ತೂತು ಮಾಡಿದ್ರೆ ಎಣ್ಣೆ ಬರುತ್ತಾ?" ಎಂದು ಸೆರಗು ಎತ್ತಿದಳು.

ಅವರು ಮುಚ್ಚಳ ಕಿತ್ತುಕೊಂಡರು. "ದೇವರ ವಿಭೂತಿ ಒರೆಸು ಅಂತೀಯಲ್ಲ, ಬುದ್ಧಿ ನೆಟ್ಟಗಿದೆಯಾ ನಿಂಗೆ? ಇದು ನಿನ್ನ ಸ್ಟೋವಲ್ಲ ಕಣೇ."

ಟವೆಲು ಹಾಸಿ ಕಾರ್ಬುರೇಟರು ಬಿಚ್ಚಿದರು. ಬಸ್ಸುಗಳು ಹೋಗುತ್ತಲೇ ಇದ್ದವು. ಹತ್ತುತ್ತೇನೆಂದು ಅವಳು ಎದ್ದಾಗಲೆಲ್ಲ, "ಇನ್ನೇನು ಐದೇ ನಿಮಿಷ" ಎಂದು ಕೂರಿಸಿದರು. ಎಲ್ಲ ಜೋಡಿಸಿ ಒದ್ದಾಗ ಹೊರಟಿತು. ಹೊರಡದೆ ಏನು, ಮುಚ್ಚಳ ಅಷ್ಟು ಹೊತ್ತೂ ತೆರೆದೇ ಇತ್ತು! ಆದರೆ ಅವರ ಪ್ರಕಾರ, ಕಾರ್ಬುರೇಟರಿನೊಳಗೆ ಪೆಟ್ರೋಲ್ ಚಿಮ್ಮುವ ಸಣ್ಣ ಕಂಡಿ, ಜೆಟ್ಟಿನಲ್ಲಿ ಕಸ ಇತ್ತಂತೆ.

ಕೆಂಗೇರಿ ಮುಟ್ಟಿದಾಗ ಮುಹೂರ್ತ ಮುಗಿದಿತ್ತು. ಕಳಸ ಚಿಕ್ಕಪ್ಪನ ಮಗಳು ಬಸವರಾಜೇಶ್ವರಿಯ ಕೈಯಲ್ಲಿತ್ತು. ತಂಗಿ ಮುಖ ಎತ್ತಿ ನೋಡಲಿಲ್ಲ. ಗಂಡನೋ, ಪಂಕ್ತಿಯಲ್ಲಿ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ, ದಾರಿಯಲ್ಲಿ ಕಾರ್ಬುರೇಟರು ರಿಪೇರಿ ಮಾಡಿದ ಪ್ರತಾಪವನ್ನು ಬೀಗರಿಗೆ ಬಣ್ಣಿಸುತ್ತಿದ್ದರು.

ಮರುದಿನ ಬೆಳಿಗ್ಗೆ ತವರಿಂದ ಹೊರಡುವ ಮುಂಚೆ, ಬಸವ ಮಾನ ಉಳಿಸಿತೆಂಬ ಭಕ್ತಿಗೆ, ಮುಚ್ಚಳದ ಮೇಲೆ ಇನ್ನೊಂದು ಸುತ್ತು ವಿಭೂತಿ ಬಿತ್ತು. ನೀಲಮ್ಮ ನೋಡಿದಳು. ಚೀಲ ಎತ್ತಿಕೊಂಡು ಒಬ್ಬಳೇ ಬಸ್‌ಸ್ಟಾಪಿಗೆ ನಡೆದಳು.

ನಾಯಂಡಹಳ್ಳಿಗೆ ಇನ್ನೂ ಒಂದಿಷ್ಟು ದೂರವಿರುವಾಗ, ರಸ್ತೆ ಬದಿ ಟವೆಲು ಹಾಸಿ ಕೂತಿದ್ದವರೊಬ್ಬರು ಎದ್ದು ಬಸ್ಸಿಗೆ ಕೈ ಅಡ್ಡ ಹಿಡಿದರು. ಡ್ರೈವರು ಬ್ರೇಕ್ ಮೇಲೆ ಕಾಲಿಟ್ಟ. ಅವನ ಹಿಂದಿನ ಸೀಟಿನಲ್ಲೇ ನೀಲಮ್ಮ ಕೂತಿದ್ದಳು.

"ನಿಲ್ಲಿಸ್ಬೇಡಿ ಅಣ್ಣ," ಎಂದಳು. "ಅವರದು ಇನ್ನೇನು ಐದೇ ನಿಮಿಷ."