ಮರದ ಹೊಟ್ಟಿಗೆ ಬೀಗ

"ಏನೋ ಇದು?"

ಅಕ್ಕ ಒದ್ದೆ ಬೆಡ್‌ಶೀಟನ್ನು ತಮ್ಮನ ಮುಖಕ್ಕೇ ಹಿಡಿದಳು. ಬಿಳಿ ಬಟ್ಟೆಯ ನಡುವೆ ಕೆಂಪು ಜಿಡ್ಡು. ಆಸ್ಪತ್ರೆಯ ಬಟ್ಟೆ ಒಗೆದೇ ಅವಳ ಮನೆಯ ಒಲೆ ಉರಿಯಬೇಕು.

"ಇನ್ನೊಂದ್ಸಲ ಹೀಗಾದ್ರೆ ಬಟ್ಟೆನೇ ಕಳಿಸಲ್ವಂತೆ. ಹಳ್ಳದ ನೀರು ಹಾಳಾಗಿದೆ. ನಿಮ್ಮ ಕಾರ್ಖಾನೆದೇ ಕೆಲಸ!"

ತಮ್ಮ ಆ ಕಾರ್ಖಾನೆಯ ಅಂಗಳ ತೊಳೆಯುವವನು. ಅವನಷ್ಟು ಚೊಕ್ಕ ಯಾರೂ ಇಲ್ಲವೆಂದು ಎಲ್ಲರೂ ಹೊಗಳಿ ಅಟ್ಟಕ್ಕೇರಿಸಿದ್ದರು. ಕಣ್ಣಿಗೆ ಕಾಣದಿದ್ದರೆ ಕೊಳೆ ಹೋಯಿತೆಂದು ತಿಳಿಯುವ ಜನ!

"ನಮ್ದಾ? ಅಂಗಳದಲ್ಲಿ ಒಂದು ತೊಟ್ಟು ಎಣ್ಣೆ ತೋರ್ಸು ನೋಡೋಣ. ಚೆಲ್ಲಿದ ತಕ್ಷಣ ಪೈಪ್ ಹಿಡಿದು ತೊಳೆದುಬಿಡ್ತೀನಿ."

"ತೊಳೆದದ್ದು ಎಲ್ಲಿಗೆ ಹೋಗುತ್ತೆ?" ಎಂದಳು ಅಕ್ಕನ ಜೊತೆ ಬಂದಿದ್ದ ಪಕ್ಕದ ಮನೆಯ ಗೆಳತಿ. ಊರಿನ ನೀರು ಪರೀಕ್ಷಿಸುವ ಕೆಲಸದವಳು. ಎಲ್ಲರ ಬಾಯಲ್ಲೂ ನೀರಮ್ಮ.

"ಮೋರಿಗೆ. ಅಲ್ಲಿಂದ ಶುದ್ಧ ಮಾಡೋ ಘಟಕಕ್ಕೆ."

"ಯಾರೋ ಹೇಳಿದ್ದು? ಅದು ಮಳೆನೀರಿನ ಮೋರಿ. ನಿಮ್ಮ ಅಂಗಳದಿಂದ ನೇರ ಹಳ್ಳಕ್ಕೆ. ನೀನು ಎಣ್ಣೆ ತೊಳೀಲಿಲ್ಲ ಕಣೋ, ಅಕ್ಕನ ಒಗೆಯೋ ಕಲ್ಲಿಗೆ ಕಳಿಸ್ಕೊಟ್ಟೆ."

ತಮ್ಮ ಬೆಡ್‌ಶೀಟ್ ಮೂಸಿದ. ಯಂತ್ರದ ಕೆಂಪೆಣ್ಣೆ, ದಿನವೂ ತನ್ನ ಕೈಗೆ ಅಂಟುವ ಅದೇ ವಾಸನೆ. ಅವನ ಮುಖ ಸಪ್ಪಗಾಯಿತು.

"ಹಾಗಾದ್ರೆ ಏನ್ಮಾಡ್ಲಿ?"

"ಮೊದ್ಲು ಸೋರೋದನ್ನ ನಿಲ್ಸು. ಮೋರಿ ಬಾಯಿ ಮುಚ್ಚು. ಎಣ್ಣೆ ಮೇಲೆ ಮರದ ಹೊಟ್ಟು ಸುರಿ. ಹೀರ್ಕೊಂಡ ಮೇಲೆ ಗುಡಿಸಿ, ಮುಚ್ಚಳದ ಡ್ರಮ್ಮಿಗೆ ತುಂಬು. ನೀರು ಮಾತ್ರ ಹಾಕ್ಬೇಡ."

"ಹೊಟ್ಟಿನ ಪೆಟ್ಟಿಗೆ ಇದೆ. ಹಳದಿ ಬಣ್ಣ ಬಳಿದು ಗೇಟ್ ಹತ್ರ ಇಟ್ಟಿದ್ದಾರೆ. ಆದ್ರೆ ಅದಕ್ಕೆ ಬೀಗ. ತಪಾಸಣೆಗೆ ಬಂದವರಿಗೆ ತೋರಿಸೋಕೆ ಅಷ್ಟೆ."

ಅಕ್ಕನಿಗೆ ಮೈಯೆಲ್ಲ ಉರಿಯಿತು. "ಪೆಟ್ಟಿಗೆಗೆ ಬೀಗ, ಮೋರಿಗೆ ಬಾಗಿಲೇ ಇಲ್ಲ! ಎಂಥ ಬುದ್ಧಿವಂತರಪ್ಪಾ!"

ಮರುದಿನ ಮೋಡ ಕವಿದಿತ್ತು. ಕಾರ್ಖಾನೆಯ ಅಂಗಳದ ಬಯಲಲ್ಲಿಟ್ಟಿದ್ದ ಡ್ರಮ್ಮೊಂದು ಉರುಳಿ ಕೆಂಪೆಣ್ಣೆ ಮೋರಿಯ ಕಡೆ ಹರಿಯತೊಡಗಿತು.

"ಪೈಪ್ ಹಿಡಿಯೋ!" ಎಂದು ಮ್ಯಾನೇಜರ್ ಕೂಗಿದ.

ತಮ್ಮ ಡ್ರಮ್ಮನ್ನು ನೆಟ್ಟಗೆ ನಿಲ್ಲಿಸಿ, ಮರಳಿನ ಚೀಲವನ್ನು ಮೋರಿಯ ಬಾಯಿಗೆ ಒತ್ತಿದ. ಆಮೇಲೆ ಕಬ್ಬಿಣದ ಸಲಾಕೆಯಿಂದ ಹಳದಿ ಪೆಟ್ಟಿಗೆಯ ಬೀಗ ಒಡೆದ.

"ಅಯ್ಯೋ, ಅದು ತೋರಿಸೋಕೆ ಇಟ್ಟಿದ್ದು ಕಣೋ!"

"ತೋರಿಸ್ತೀನಿ ಬನ್ನಿ ಸಾರ್," ಎಂದು ಹೊಟ್ಟು ಸುರಿದ. ಗುಡಿಸಿ ಡ್ರಮ್ಮಿಗೆ ತುಂಬಿ ಮುಚ್ಚಳ ಹಾಕಿದ ಮೇಲೆಯೇ ಮಳೆ ಬಂತು.

ಮಳೆ ನಿಂತ ಮೇಲೆ ಅಕ್ಕ ಹಳ್ಳದಲ್ಲಿ ಒಗೆದು ಒಣಹಾಕಿದ ಬೆಡ್‌ಶೀಟ್ ಬಿಳಿಯಾಗಿಯೇ ಇತ್ತು. ಆದರೂ ಅವಳ ಸಿಟ್ಟು ಇಳಿದಿರಲಿಲ್ಲ. ಉಳಿದ ಡ್ರಮ್ಮುಗಳು ಇನ್ನೂ ಬಯಲಲ್ಲೇ ಇದ್ದವು, ಯಾಕೆ ಇಳಿಯಬೇಕು?

ನಿಮ್ಮಲ್ಲೂ ಅಂಥದೊಂದು ಪೆಟ್ಟಿಗೆ ಇರಬಹುದು. ನಾಳೆ ಕೆಲಸಕ್ಕೆ ಹೋದ ಕೂಡಲೇ ಮುಚ್ಚಳ ಎತ್ತಿ ನೋಡಿ. ಬೀಗವಿದ್ದರೆ ಯಾಕೆಂದು ಗಟ್ಟಿಯಾಗಿ ಕೇಳಿ. ಡ್ರಮ್ಮುಗಳನ್ನು ಸೂರಿನಡಿ ಇಡಿಸಿ. ಚೆಲ್ಲಿದ್ದನ್ನು ತೊಳೆಯಬೇಡಿ, ಬಾಚಿ ತೆಗೆಯಿರಿ. ಮೋರಿಯ ಆ ತುದಿಯಲ್ಲಿ ಯಾರದೋ ಅಕ್ಕ ಬಟ್ಟೆ ಒಗೆಯುತ್ತಿದ್ದಾಳೆ.