ಆರು ವೋಟು

ಗಾಳಿಗೆ ತನ್ನದೇ ಮುಖ ಕಂಬಕ್ಕೆ ಪಟಪಟ ಬಡಿದುಕೊಳ್ಳುತ್ತಿದೆ, ಯಾರೋ ಪುಣ್ಯಾತ್ಮರು ಮೀಸೆ ಬೇರೆ ಬರೆದಿದ್ದಾರೆ, ಮೀಸೆ ಒಪ್ಪುತ್ತದೆ ಅನ್ನಿಸಿ ವೇದಾವತಿಗೆ ಏಣಿಯ ಮೇಲೆಯೇ ನಗು ಬಂತು — ಕಟ್ಟು ಕತ್ತರಿಸು, ಇನ್ನೂ ಹನ್ನೆರಡು ಪೋಸ್ಟರ್ ಇವೆ, ಚುನಾವಣೆಯಾಗಿ ಏಳು ದಿನದೊಳಗೆ ಇಳಿಸದಿದ್ದರೆ ದಂಡ. ಕೆಳಗೆ ಏಣಿ ಹಿಡಿದ ಪಕ್ಕದ ಮನೆಯ ಶರ್ಮಿಳಾ, ಹಾಸನದಿಂದ ಬಂದು ಮೂರೇ ವರ್ಷ, ನಿಧಾನ ಅಕ್ಕ ನಿಧಾನ ಅನ್ನುತ್ತಿದ್ದಾಳೆ. ಐದು ವರ್ಷದ ಹಿಂದೆ ಐರ್ಲೆಂಡಿನ ಈ ನೇಸ್ ಊರಿನ ಇದೇ ರಸ್ತೆಯಲ್ಲಿ ಇದೇ ಮುಖ ಗೆದ್ದಿತ್ತು, ಮೈಸೂರಿನ ಸಾಫ್ಟ್‌ವೇರ್ ಟೆಸ್ಟರ್ ಕೌನ್ಸಿಲರ್ ಆದಳು, ಮೊದಲ ಸಭೆಯಲ್ಲಿ ಕೌನ್ಸಿಲರ್ ವೇಡಾವಾಟಿ ಎಂದಾಗ ಬೇರೆ ಯಾರನ್ನೋ ಕರೆದರೆಂದು ಸುಮ್ಮನೆ ಕೂತಿದ್ದಳು, ಆಮೇಲೆ ಅದೇ ಹೆಸರಿಗೆ ನಿದ್ದೆಯಲ್ಲೂ ಓಗೊಡುವ ಹಾಗಾಯಿತು. ಏನು ಮಾಡಿದೆ ಐದು ವರ್ಷ, ರಸ್ತೆಗೆ ಎರಡು ಉಬ್ಬು, ಆಸ್ಪತ್ರೆ ಎದುರು ಒಂದು ಬೆಂಚು — ಆ ಬೆಂಚಿಗೆ ಹದಿನಾಲ್ಕು ಸಭೆ — ನಾಯಿ ಕಕ್ಕ ಹಾಕಲು ಒಂದು ಡಬ್ಬ, ಆ ಡಬ್ಬದ ಪಕ್ಕ ನಾಯಿ ಹಿಡಿದು ಫೋಟೋ ತೆಗೆಸಿಕೊಂಡ ಡೆಕ್ಲನ್ ಈ ಸಲ ಅವಳನ್ನು ಸೋಲಿಸಿ ವಾರ್ಡಿನ ಕೊನೆಯ ಸೀಟು ಗೆದ್ದ, ಆರು ವೋಟಿನಲ್ಲಿ, ಆರೇ ಆರು. ಎಣಿಕೆಯ ಹಾಲ್‌ನಲ್ಲಿ ಮಗಳು ನಿಸರ್ಗಾ, ಏನೂ ಆಗಿಲ್ಲ ಅಮ್ಮ ಅನ್ನುವುದಕ್ಕೆ ಇಲ್ಲಿನವರ ಹಾಗೆ ಯು ಆರ್ ಗ್ರ್ಯಾಂಡ್, ಮ್ಯಾಮ್ ಎಂದು ಬೆನ್ನು ಸವರಿದಳು, ಗಂಡ ಶ್ರೀನಿಧಿ, ಇನ್ಮೇಲೆ ಸಂಜೆಗಳಾದ್ರೂ ಸಿಗ್ತವಲ್ಲ ಎಂದ, ಸಿಕ್ಕವು, ಆದರೆ ಮರುದಿನ ಬೀದಿದೀಪ ಉರಿಯುತ್ತಿಲ್ಲ ಎಂದು ಯಾರೂ ಫೋನ್ ಮಾಡಲಿಲ್ಲ, ಐದು ವರ್ಷ ಶಪಿಸಿದ್ದ ಆ ಫೋನಿಗಾಗಿ ಅವಳು ಸ್ನಾನಕ್ಕೂ ಹೋಗದೆ ಕಾದಿದ್ದಳು.

ಯಾರು ಆ ಆರು ಜನ, ಎಲ್ಲಿ ತಪ್ಪಿತು — ಅಕ್ಕ, ನಂಗಂತೂ ನಂಬೋಕಾಗ್ತಿಲ್ಲ, ಶರ್ಮಿಳಾ ಕೆಳಗಿನಿಂದ, ನಮ್ಮನೇಲಿ ನಾಲ್ಕೂ ಜನ ನಿಮಗೆ ಹತ್ತಕ್ಕೆ ಹತ್ತು ಕೊಟ್ಟಿದ್ವಿ. ಹತ್ತಾ? ಹ್ಞೂಂ ಅಕ್ಕ, ಪೌರತ್ವ ಇಲ್ದೇನೂ ವೋಟು ಸಿಕ್ಕಿದ್ದು ಇಲ್ಲಿ ಮೊದಲ್ನೇ ಸಲ ಅಲ್ವಾ, ಯೋಚ್ನೆ ಮಾಡಿ ಮಾರ್ಕ್ಸ್ ಹಾಕಿದ್ವಿ, ಆ ನಾಯಿಯವನು ಮುಖ ಕೊಟ್ಟು ಮಾತೂ ಆಡ್ಲಿಲ್ವಲ್ಲ, ಅವನಿಗೆ ಬರೀ ಒಂದು. ಒಂದು — ಇಲ್ಲಿ ಎಲ್ಲರಿಗಿಂತ ಬೇಕಾದವರಿಗೆ ಒಂದು, ಆಮೇಲಿನವರಿಗೆ ಎರಡು, ಇಡೀ ಊರಿಗೆ ಬಾಗಿಲು ತಟ್ಟಿ ಹೇಳಿ ಬಂದವಳು ಪಕ್ಕದ ಮನೆಗೆ ಹೇಳುವುದೇನು ಎಂದು ಬಿಟ್ಟಿದ್ದಳು, ನಾಲ್ಕು ಅವನಿಂದ ಕಳೆ, ನಾಲ್ಕು ತನಗೆ ಕೂಡು, ಎರಡು ವೋಟಿನಿಂದ ಗೆಲುವು — ವೇದಾವತಿ ಕಂಬವನ್ನು ತಬ್ಬಿಕೊಂಡಳು. ತಲೆ ಸುತ್ತುತ್ತಾ ಅಕ್ಕ? ಇಲ್ಲ ಕಣೇ, ಥ್ಯಾಂಕ್ಸ್. ಹೇಳಬಾರದು, ಹೇಳಿದರೆ ಪಾಪ ಅಳುತ್ತಾಳೆ, ಏಣಿ ಬಿಟ್ಟು ಅಳುತ್ತಾಳೆ, ಬೇರೆ ಏನಾದರೂ ಯೋಚಿಸಬೇಕು, ಹನ್ನೆರಡು ಪೋಸ್ಟರ್, ಮಧ್ಯಾಹ್ನಕ್ಕೆ ಹುಳಿ — ಆದರೆ ಮತ್ತೆ ಅದೇ, ಮತಪತ್ರದಲ್ಲಿ ತನ್ನ ಪುಟ್ಟ ಫೋಟೋ, ಪಕ್ಕದ ಚೌಕದಲ್ಲಿ ದುಂಡಗೆ, ಅಕ್ಕರೆಯಿಂದ ಬರೆದ 10, ಮತ್ತೆ ಫೋಟೋ, ಮತ್ತೆ 10